ಹೊಂಗೆ ಮರದ ಬಿಳಿ ಅಂಚು

ಜಗತ್ತಿನ ತಾಪತ್ರಯಗಳೆಲ್ಲ ಇರುವುದು ಅಂಚಿನಲ್ಲೇ ಎಂಬುದು ನನ್ನ ಇತ್ತೀಚಿನ ಸಿದ್ಧಾಂತ. ಗದ್ದೆಯ ನಟ್ಟನಡುವೆ ನಿಂತು ಜಗಳವಾಡಿದವರನ್ನು ನಾನು ಕಂಡಿಲ್ಲ. ಎಲ್ಲರೂ ಬದುವಿನ ಮೇಲೇ ನಿಂತು ಸರ್ವೆಯವರ ದಾರಿ ಕಾಯುತ್ತಾರೆ. ಸೀರೆಯ ಒಡಲು ಹೇಗಿದ್ದರೂ ನಡೆಯುತ್ತದೆ, ಅಂಚಿನ ಬಣ್ಣ ಒಪ್ಪಿಗೆಯಾಗದಿದ್ದರೆ ಅಂಗಡಿಯವರು ಇಡೀ ಕಪಾಟನ್ನೇ ಕೆಳಗಿಳಿಸಬೇಕು. ರೊಟ್ಟಿ ಬಿರಿಯುವುದು ಅಂಚಿನಲ್ಲಿ, ಹಾಲು ನಮ್ಮ ಮಾನ ಕಳೆಯುವುದು ಪಾತ್ರೆಯ ಅಂಚಿನಲ್ಲಿ. ಗೋಡೆಗೆ ಬಣ್ಣ ಹೊಡೆಯುವವರು ನಡುಗೋಡೆಯನ್ನು ಹರಟೆ ಹೊಡೆಯುತ್ತಲೇ ಮುಗಿಸಿ, ಬಾಗಿಲ ಚೌಕಟ್ಟಿನ ಹತ್ತಿರ ಬಂದಾಗ ಮಾತ್ರ ಉಸಿರು ಬಿಗಿಹಿಡಿಯುತ್ತಾರೆ. ಇಷ್ಟೊಂದು ತತ್ವ ನನ್ನ ತಲೆಗೆ ಹೊಳೆದದ್ದು ಯಾವ ಧ್ಯಾನದಿಂದಲೂ ಅಲ್ಲ, ಒಂದು ಹೊಂಗೆ ಮರದ ಪಕ್ಕದಲ್ಲಿದ್ದ ಬಿಳಿ ಗೆರೆಯಿಂದ. ಆ ಗೆರೆ ಅಳಿಸಲು ಹೋಗಿ ನಮ್ಮ ಮನೆಯ ಮರ್ಯಾದೆಯೇ ಅಳಿಸಿಹೋಗುವುದರಲ್ಲಿತ್ತು.

ನಾನು ಶಿಕಾರಿಪುರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ನಮ್ಮವರು, ಕುಮಾರ್ ಅಂತ, ಪೇಟೆಯಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ಇಟ್ಟುಕೊಂಡಿದ್ದಾರೆ. ಕ್ಯಾಮೆರಾ ನನಗಿರುವ ಒಂದೇ ದುಶ್ಚಟ. ಅದರಲ್ಲೂ ನಾನು ತೆಗೆಯುವುದು ಗುಡ್ಡ, ಕೆರೆ, ಗದ್ದೆ, ಆಕಾಶ ಇಷ್ಟನ್ನೇ. ಮೊದಮೊದಲು ಮನುಷ್ಯರ ಚಿತ್ರಗಳನ್ನೂ ತೆಗೆಯುತ್ತಿದ್ದೆ. ಆದರೆ ಮನುಷ್ಯರಿಗೆ ತಮ್ಮ ಮುಖದ ಬಗ್ಗೆ ಬಹಳ ಉದಾರವಾದ ಅಭಿಪ್ರಾಯ ಇರುತ್ತದೆ; ಕ್ಯಾಮೆರಾಕ್ಕೆ ಇರುವುದಿಲ್ಲ. ಇಬ್ಬರ ನಡುವೆ ಸಿಕ್ಕಿ ನೆಂಟಸ್ತಿಕೆ ಕೆಡಿಸಿಕೊಂಡವಳು ನಾನು. ಗುಡ್ಡಗಳು ಹಾಗಲ್ಲ. ಯಾವ ಗುಡ್ಡವೂ ಈವರೆಗೆ ನನಗೆ ಫೋನು ಮಾಡಿ, ನನ್ನ ಹೊಟ್ಟೆ ಅಷ್ಟು ಮುಂದೆ ಬಂದಿಲ್ಲ ಬಿಡ್ರೀ ಎಂದಿಲ್ಲ.

ಗುಡ್ಡಕ್ಕೆ ತಕರಾರಿಲ್ಲದಿದ್ದರೂ ಆಕಾಶಕ್ಕೆ ಇದೆ. ಕಣ್ಣಿಗೆ ಕಡುನೀಲಿಯಾಗಿ ಕಂಡ ಆಕಾಶ ಚಿತ್ರದಲ್ಲಿ ತೊಳೆದು ತೊಳೆದು ಹಳತಾದ ಬನಿಯನ್ನಿನ ಹಾಗೆ ಬಿಳುಚಿಕೊಂಡಿರುತ್ತದೆ. ಅದನ್ನು ಸರಿಪಡಿಸಲು ಕಂಪ್ಯೂಟರಿನಲ್ಲಿ ಮಾಸ್ಕ್ ಎಂಬುದೊಂದಿದೆ. ಬಣ್ಣ ಹೊಡೆಯುವವರು ಕಿಟಕಿಯ ಮರಕ್ಕೆ ಹಳೇ ಪೇಪರು ಅಂಟಿಸಿ ಗೋಡೆಗೆ ಬಣ್ಣ ಹಚ್ಚುತ್ತಾರಲ್ಲ, ಅದೇ ಉಪಾಯ. ಮರವನ್ನೂ ಗುಡ್ಡವನ್ನೂ ಮರೆಮಾಡಿ ಆಕಾಶಕ್ಕೆ ಮಾತ್ರ ಬಣ್ಣ ಏರಿಸುವುದು. ಪೇಪರು ಸರಿಯಾಗಿ ಕೂರದಿದ್ದರೆ ಕಿಟಕಿಯಲ್ಲಿ ಏನಾಗುತ್ತದೋ ಚಿತ್ರದಲ್ಲೂ ಅದೇ ಆಗುತ್ತದೆ. ಮರಕ್ಕೂ ಆಕಾಶಕ್ಕೂ ನಡುವೆ ಒಂದು ಬಿಳಿ ಗೆರೆ ಉಳಿದುಬಿಡುತ್ತದೆ. ನೋಡಿದವರಿಗೆ ಇದು ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದ ಆಕಾಶ ಎಂದು ಆ ಗೆರೆಯೇ ಚಾಡಿ ಹೇಳುತ್ತದೆ. ನಾನು ಮೊದಲ ಸಲ ಬಂದಳಿಕೆಯ ಗುಡಿಯ ಚಿತ್ರಕ್ಕೆ ಹೀಗೆ ಆಕಾಶ ಕಪ್ಪು ಮಾಡಿದಾಗ ಕಲ್ಲಿನ ಸುತ್ತಲೂ ಟ್ಯೂಬ್‌ಲೈಟ್ ಕಟ್ಟಿದಂತಾಗಿತ್ತು. ನಮ್ಮ ಕನ್ನಡ ಮೇಡಂ ಅದನ್ನು ನೋಡಿ ಮೊಬೈಲಿಗೇ ಕೈಮುಗಿದು, ಮೇಲೆ ಶುಭೋದಯ ಎಂದು ಬರೆದು ಎಲ್ಲ ಗುಂಪುಗಳಿಗೂ ಕಳಿಸಿದರು. ನನಗೆ ಅಳು ಬಂದಿತ್ತು.

ಆಮೇಲೆ ಹಟಕ್ಕೆ ಬಿದ್ದು ಕಲಿತೆ. ಮಾಸ್ಕಿನ ಅಂಚನ್ನು ಸ್ವಲ್ಪ ಮೆತ್ತಗೆ ಮಾಡಬೇಕು, ಆದರೆ ತೀರಾ ಮೆತ್ತಗಾದರೆ ಮರವೇ ಮಂಜಿನಲ್ಲಿ ನಿಂತ ಹಾಗಿರುತ್ತದೆ. ಅಂಚನ್ನು ಕೂದಲೆಳೆಯಷ್ಟು ಮರದ ಕಡೆಗೆ ಸರಿಸಬೇಕು. ಅದಕ್ಕೂ ಗೆರೆ ಬಗ್ಗದಿದ್ದರೆ ಪಕ್ಕದ ತೊಗಟೆಯ ಬಣ್ಣವನ್ನೇ ಎತ್ತಿಕೊಂಡು ಸಣ್ಣ ಕುಂಚದಲ್ಲಿ ಗೆರೆಯ ಮೇಲೆ ಸವರಬೇಕು. ಕೆಲವೊಮ್ಮೆ ಬಿಳಿಯ ಜೊತೆಗೆ ನೀಲಿ, ನೇರಳೆ ಬಣ್ಣವೂ ಅಂಚಿನಲ್ಲಿ ಇಣುಕುತ್ತದೆ. ಅದು ಲೆನ್ಸಿನ ದೋಷ, ಅದಕ್ಕೆ ಬೇರೆಯದೇ ಮದ್ದು. ಇದನ್ನೆಲ್ಲ ವೀಡಿಯೋದಲ್ಲಿ ಹೇಳಿಕೊಡುವ ಹುಡುಗನೊಬ್ಬ ಪ್ರತಿ ಸಲವೂ ಇದು ಬಹಳ ಸುಲಭ ಎಂದೇ ಶುರುಮಾಡುತ್ತಾನೆ. ನಾನೂ ತರಗತಿಯಲ್ಲಿ ಕೋಶವಿಭಜನೆ ಪಾಠವನ್ನು ಹಾಗೇ ಶುರುಮಾಡುತ್ತಿದ್ದೆ. ಈಗ ಬಿಟ್ಟಿದ್ದೇನೆ.

ಇನ್ನು ಆ ಸಂಜೆಯ ವಿಷಯ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಊರೂರಲ್ಲಿ ಹೋರಿ ಹಬ್ಬ. ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ ಕಟ್ಟಿ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ. ಓಡುವ ಹೋರಿಯ ಕೊರಳಿಂದ ಕೊಬ್ಬರಿ ಹರಿದುಕೊಂಡವನು ಗಂಡಸು. ಯಾರ ಕೈಗೂ ಕೊಬ್ಬರಿ ಕೊಡದೆ ಓಡಿದ್ದು ಹೋರಿ. ನಮ್ಮವರ ಅಣ್ಣ, ಅಂದರೆ ನನ್ನ ಭಾವ ಹಾಲೇಶಪ್ಪನವರು, ಸೊರಬದ ಕಡೆ ಕುಪ್ಪಗಡ್ಡೆಯಲ್ಲಿ ಇಂಥದೊಂದು ಹೋರಿ ಸಾಕಿದ್ದಾರೆ. ಅದಕ್ಕೆ ಶಾಂತಮೂರ್ತಿ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟಾಗ ಅದು ಹಾಲು ಕುಡಿಯುವ ಕರುವಾಗಿತ್ತು, ಹಾಗಾಗಿ ಭಾವನವರನ್ನು ದೂರುವಂತಿಲ್ಲ. ಆ ದಿನ ಅಂಬ್ಲಿಗೊಳ ಜಲಾಶಯದ ಹತ್ತಿರದ ಹಳ್ಳಿಯೊಂದರಲ್ಲಿ ಹಬ್ಬ. ಭಾವ ಗೂಡ್ಸ್ ಗಾಡಿಯಲ್ಲಿ ಹೋರಿ ಏರಿಸಿಕೊಂಡು ಬಂದಿದ್ದರು. ನಮ್ಮನ್ನೂ ಕರೆದಿದ್ದರು. ನಮ್ಮವರಿಗೆ ಹೋರಿಯೆಂದರೆ ಆಗದು. ಚಿಕ್ಕಂದಿನಲ್ಲಿ ಕರು ಕಂಡರೂ ಅಟ್ಟ ಹತ್ತುತ್ತಿದ್ದರಂತೆ. ಮನೆಯಲ್ಲಿ ಯಾವ ಹಬ್ಬಕ್ಕೆ ಸೇರಿದರೂ ಭಾವ ಈ ಕಥೆಯನ್ನು ಪಾಯಸಕ್ಕಿಂತ ಮೊದಲು ಬಡಿಸುತ್ತಾರೆ. ಕೊನೆಯಲ್ಲಿ, ಅದಕ್ಕೇ ಇವನು ಪೈಪು ಮಾರಾಕೆ ಹೋದ, ಪೈಪಿಗೆ ಕೊಂಬಿರಲ್ಲ ನೋಡು, ಎಂದು ಮುಗಿಸುತ್ತಾರೆ. ನಮ್ಮವರು ತಲೆ ತಗ್ಗಿಸಿ ಎಲೆಯಲ್ಲಿ ಇಲ್ಲದ ಕಲ್ಲು ಹುಡುಕುತ್ತಾರೆ.

ಹಾಗಾಗಿ ನಾವಿಬ್ಬರೂ ಹಬ್ಬಕ್ಕೆ ಹೋದಂತೆ ಮಾಡಿ, ಮೆಲ್ಲಗೆ ಜಾರಿಕೊಂಡು ಜಲಾಶಯದ ಏರಿ ಹತ್ತಿದೆವು. ಮೋಡ ಚೆನ್ನಾಗಿತ್ತು. ಏರಿ ಅಲ್ಲಿ ಸ್ವಲ್ಪ ಬಾಗುವುದರಿಂದ ಎಡಕ್ಕೆ ಒಂದು ಒಂಟಿ ಹೊಂಗೆ ಮರ, ಅದರ ಹಿಂದೆ ನೀರು, ಆಚೆ ಗುಡ್ಡ, ಎಲ್ಲವೂ ಒಂದೇ ಚಿತ್ರದಲ್ಲಿ ಬರುತ್ತಿದ್ದವು. ಗಾಳಿಗೆ ಬೀಳದಿರಲೆಂದು ಮೂರು ಕಾಲಿನ ಸ್ಟ್ಯಾಂಡನ್ನು ಏರಿಯ ಕಲ್ಲುಗಳ ಸಂದಿಗೆ ಗಟ್ಟಿಯಾಗಿ ಸಿಕ್ಕಿಸಿ, ಮೋಡ ಸರಿದಂತೆ ತನ್ನಷ್ಟಕ್ಕೆ ತಾನೇ ಚಿತ್ರ ತೆಗೆಯುತ್ತಿರುವಂತೆ ಕ್ಯಾಮೆರಾ ಸಜ್ಜು ಮಾಡಿ ನಿಂತೆ. ಆಗ ಬಲಗಡೆಯಿಂದ ಗೊರಸಿನ ಸದ್ದು ಕೇಳಿತು. ತಿರುಗಿ ನೋಡಿದರೆ ಬಲೂನುಗಳು. ಬಲೂನುಗಳ ಕೆಳಗೆ ಶಾಂತಮೂರ್ತಿ. ಓಟ ಮುಗಿಯುವ ಗೆರೆ ದಾಟಿದ ಮೇಲೂ ಯಾರ ಕೈಗೂ ಸಿಗದೆ ಅದು ಸೀದಾ ಏರಿಯ ಮೇಲೆ ಬಂದಿತ್ತು. ಒಂದು ಕಡೆ ನೀರು, ಒಂದು ಕಡೆ ಇಳಿಜಾರು, ನಡುವೆ ಹೋರಿ ಮತ್ತು ನಾವು. ಅದರ ಮೂಗಿನಿಂದ ಬರುತ್ತಿದ್ದ ಉಸಿರಿನ ಸದ್ದು ಪ್ರೆಶರ್ ಕುಕ್ಕರ್ ಕೂಗುವ ಮುಂಚಿನ ಸದ್ದಿನ ಹಾಗಿತ್ತು. ನಾನು ಕಣ್ಣು ಮುಚ್ಚಿದೆ. ಪಟ್ಟನೆ ಒಂದು ಬಲೂನು ಒಡೆಯಿತು. ನಾನು ಸತ್ತೆ ಎಂದುಕೊಂಡೆ. ಮತ್ತೆ ಕಣ್ಣು ಬಿಟ್ಟಾಗ ನಮ್ಮವರು ಪಕ್ಕದಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರು. ಹೋರಿ ನಮ್ಮನ್ನು ಬಿಟ್ಟು ಕಲ್ಲಿನ ಇಳಿಜಾರಿನಲ್ಲಿ ನೀರಿನ ಕಡೆ ಇಳಿಯುತ್ತಿತ್ತು.

"ಏನಾಯ್ತುರೀ?" ಎಂದೆ.

"ಏನಿಲ್ಲ, ಅಡ್ಡ ನಿಂತೆ" ಎಂದರು ನಮ್ಮವರು.

ಅಷ್ಟರಲ್ಲಿ ಭಾವ ಹಗ್ಗ ಹಿಡಿದುಕೊಂಡು ಕೆಳಗಿನಿಂದ ಹತ್ತಿ ಬಂದರು, ಹಿಂದೆ ಊರಿನ ನಾಲ್ಕಾರು ಜನ. ನಾನೇ ಎಲ್ಲರಿಗೂ ಹೇಳಿದೆ, ಇವರು ಅಡ್ಡ ನಿಂತರು ಅಂತ. ಭಾವ ತಮ್ಮನನ್ನು ಒಂದು ಕ್ಷಣ ನೋಡಿದರು. ಆಮೇಲೆ ಹೋರಿಯ ಕೊರಳಿಂದ ಒಂದು ಕೊಬ್ಬರಿ ಸರ ಬಿಚ್ಚಿ ತಂದು ಎಲ್ಲರೆದುರು ನಮ್ಮವರ ಕೊರಳಿಗೆ ಹಾಕಿದರು. ಮದುವೆಯಲ್ಲಿ ನಾನು ಹಾರ ಹಾಕಿದಾಗಲೂ ನಮ್ಮವರ ಮುಖ ಅಷ್ಟು ಅರಳಿರಲಿಲ್ಲ.

ಆ ಸರ ಈಗಲೂ ಅಂಗಡಿಯಲ್ಲಿ, ಮೋಟಾರುಗಳ ಮೇಲಿನ ಮೊಳೆಯಲ್ಲಿ ತೂಗುತ್ತಿದೆ. ಇರುವೆ ಮುತ್ತಿದರೂ ತೆಗೆಯಲು ಬಿಡುವುದಿಲ್ಲ. ಒಂದು ಮೊಳ ಪೈಪು ಕೇಳಲು ಬಂದವರಿಗೂ ಕಥೆ ಪೂರ್ತಿ ಸಿಗುತ್ತದೆ. ಮೊದಮೊದಲು ಅಡ್ಡ ನಿಂತಿದ್ದವರು ದಿನ ಕಳೆದಂತೆ ಎರಡೂ ಕೈ ಅಗಲಿಸಿ ನಿಂತರು, ಆಮೇಲೆ ಹೋರಿಯ ಕಣ್ಣಲ್ಲಿ ಕಣ್ಣಿಟ್ಟರು, ಯುಗಾದಿಯ ಹೊತ್ತಿಗೆ ಕೊಂಬಿಗೇ ಕೈ ಹಾಕಿದ್ದರು. ಸುಳ್ಳೇಕೆ, ಸ್ಟಾಫ್ ರೂಮಿನಲ್ಲಿ ನಾನೂ ನನ್ನ ಪಾಲಿನ ಕಥೆ ಹೇಳಿಕೊಂಡು ತಿರುಗಿದೆ. ಅಂಥ ಹೊತ್ತಲ್ಲೂ ನಾನು ಕ್ಯಾಮೆರಾ ಬಿಟ್ಟು ಒಂದು ಹೆಜ್ಜೆ ಕದಲಲಿಲ್ಲ ಎಂದೆ. ಇದು ಅಕ್ಷರಶಃ ನಿಜ, ಬೇಕಾದರೆ ಆಣೆ ಮಾಡುತ್ತೇನೆ. ಪ್ರಿನ್ಸಿಪಾಲರು ಇದಕ್ಕೇ ಶ್ರದ್ಧೆ ಎನ್ನುವುದು ಎಂದು ತಲೆದೂಗಿದರು. ಆದರೆ ಒಳಗೆ ನನ್ನ ಸ್ಥಿತಿ ಬೇರೆ ಇತ್ತು. ಅಪಾಯ ಬಂದಾಗ ದೇಹ ಹೋರಾಡಲು ಇಲ್ಲವೇ ಓಡಲು ಸಿದ್ಧವಾಗುತ್ತದೆ ಎಂದು ಪ್ರತಿ ವರ್ಷ ಪಾಠ ಮಾಡುವವಳು, ಸಹೋದ್ಯೋಗಿಯ ಮಗುವಿನ ಹುಟ್ಟುಹಬ್ಬದಲ್ಲಿ ಬಲೂನು ಕಂಡು ಸೋಫಾದ ಹಿಂದೆ ಹೋಗಿ ನಿಂತಿದ್ದೆ. ಕೇಕು ಅಲ್ಲಿಗೇ ತಂದುಕೊಟ್ಟರು. ಕುಕ್ಕರ್ ಇಟ್ಟರೆ ಈಗಲೂ ಹಿತ್ತಲಿಗೆ ಹೋಗಿ ನಿಲ್ಲುತ್ತೇನೆ. ಒಂದೇ ಸಮಾಧಾನವೆಂದರೆ, ಆ ಗಳಿಗೆಯಲ್ಲಿ ನನಗೂ ಆ ಕೊಂಬಿಗೂ ನಡುವೆ ನಮ್ಮವರು ಇದ್ದರು ಎಂಬುದು. ಅದನ್ನು ನೆನೆದು ಅವರಿಗೆ ಕಾಫಿಗೆ ಸಕ್ಕರೆ ಹೆಚ್ಚು ಹಾಕುತ್ತಿದ್ದೆ.

ಹೀಗಿರುವಾಗ ಭಾವನವರ ಫೋನು ಬಂತು. ಕುಪ್ಪಗಡ್ಡೆಯ ಮನೆಯ ಪಡಸಾಲೆಯಲ್ಲಿ ಹೋರಿ ಗೆದ್ದ ಬಹುಮಾನದ ಫೋಟೋಗಳ ಸಾಲಿನಲ್ಲಿ ಒಂದು ಜಾಗ ಖಾಲಿ ಇದೆಯಂತೆ. "ಗಿರಿಜಮ್ಮ, ನನ್ನ ತಮ್ಮ ಹೋರಿಗೆ ಅಡ್ಡ ನಿಂತ ಜಾಗದ್ದು ಒಂದು ದೊಡ್ಡ ಫೋಟೋ ಮಾಡಿಸಿಕೊಡು. ನೀನು ಅವತ್ತು ತೆಗೀತಾ ಇದ್ಯಲ್ಲ, ಅದೇ ಬೇಕು. ಬಂದೋರಿಗೆಲ್ಲ ತೋರಿಸ್ತೀನಿ." ನಮ್ಮವರಿಗೆ ಇದನ್ನು ಹೇಳಿದಾಗ ಅವರು ಕನ್ನಡಿಯ ಮುಂದೆ ಹೋಗಿ ತಲೆ ಬಾಚಿಕೊಂಡು ಬಂದರು. ಬಹುಮಾನ ಗೆದ್ದ ಹೋರಿಗಳ ಸಾಲಿನಲ್ಲಿ ತಮಗೂ ಒಂದು ಮೊಳೆ ಎಂದರೆ ಸಾಮಾನ್ಯವೇ. ಕರು ಕಂಡರೆ ಅಟ್ಟ ಹತ್ತುತ್ತಿದ್ದವನ ಕಥೆಗೆ ಅಲ್ಲಿಗೆ ಮಂಗಳ ಹಾಡಿದಂತೆ.

ಆ ಸಂಜೆಯ ಚಿತ್ರಗಳನ್ನು ನಾನು ಅದುವರೆಗೂ ತೆರೆದಿರಲಿಲ್ಲ. ಧೈರ್ಯ ಸಾಲದೆ. ತೆರೆದರೆ, ಎಲ್ಲವೂ ಮಂಕು. ಒಂದರಲ್ಲಿ ಮಾತ್ರ ಸೂರ್ಯ ಮೋಡದ ಸಂದಿಯಿಂದ ಇಣುಕಿ ನೀರಿನ ಮೇಲೆಲ್ಲ ಜರಿ ಚೆಲ್ಲಿದ್ದ. ಅದೊಂದೇ ಚಿತ್ರದಲ್ಲಿ ದಿಗಂತ ಯಾಕೋ ಬಲಕ್ಕೆ ವಾಲಿತ್ತು. ಗಾಳಿ ಇದ್ದಿರಬೇಕು ಎಂದು ನೇರ ಮಾಡಿದೆ. ಆಕಾಶಕ್ಕೂ ನೀರಿಗೂ ಮಾಸ್ಕ್ ಹಾಕಿ ಬಣ್ಣ ಗಾಢ ಮಾಡಿದೆ. ನೋಡಿದರೆ ಹೊಂಗೆ ಮರದ ಕಾಂಡದ ಪಕ್ಕ ಅದೇ ಹಳೇ ಶತ್ರು, ಬಿಳಿ ಗೆರೆ. ಅಂಚು ಮೆತ್ತಗೆ ಮಾಡಿದೆ, ಹೋಗಲಿಲ್ಲ. ಒಳಕ್ಕೆ ಸರಿಸಿದೆ, ಎಲೆಗಳ ಸುತ್ತಲಿನ ಬಿಳಿಯೆಲ್ಲ ಮಾಯವಾಯಿತು, ಕಾಂಡದ್ದು ಮಾತ್ರ ಕೂತಲ್ಲೇ ಕೂತಿತ್ತು. ಸಾಲದ್ದಕ್ಕೆ ಗೆರೆಯ ನಡುವೆ ಒಂದು ನೀಲಿ ಚುಕ್ಕೆ. ಇದು ಲೆನ್ಸಿನ ದೋಷವೇ ಎಂದು ನೀಲಿ ಅಂಚು ತೆಗೆಯುವ ಮದ್ದು ಹಾಕಿದೆ. ಗುಡ್ಡದ ಅಂಚಿನ ನೀಲಿ ಹೋಯಿತು, ನೀರಿನ ನೀಲಿಯೂ ಸ್ವಲ್ಪ ಹೋಯಿತು, ಚುಕ್ಕೆ ಜಪ್ಪಯ್ಯ ಎನ್ನಲಿಲ್ಲ. ಇನ್ನೂ ವಿಚಿತ್ರವೆಂದರೆ, ಲೋಕದಲ್ಲಿ ಎಲ್ಲ ಬಿಳಿ ಗೆರೆಗಳೂ ಕಾಂಡದ ಗುಂಟ ನೆಟ್ಟಗೆ ಹೋಗುತ್ತವೆ. ಇದು ನಡುವೆ ಮುಂದಕ್ಕೆ ಉಬ್ಬಿತ್ತು. ವೀಡಿಯೋದ ಹುಡುಗ ಉಬ್ಬಿದ ಗೆರೆಯ ಬಗ್ಗೆ ಏನೂ ಹೇಳಿರಲಿಲ್ಲ. ವಾರಗಟ್ಟಲೆ ಒದ್ದಾಡಿದೆ. ಲೆನ್ಸ್ ಒರೆಸಿದೆ, ಕಂಪ್ಯೂಟರಿನ ಪರದೆ ಒರೆಸಿದೆ, ಕೊನೆಗೆ ನನ್ನ ಕನ್ನಡಕವನ್ನೂ ಒರೆಸಿದೆ.

ಒಂದು ಭಾನುವಾರ ಬೆಳಗ್ಗೆ, ಇವತ್ತು ಇದನ್ನು ಕುಂಚದಲ್ಲೇ ಸವರಿಬಿಡುತ್ತೇನೆ ಎಂದು ಕಾಂಡವನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿದೆ. ಬಿಳಿ ಗೆರೆಯಲ್ಲಿ ಗುಂಡಿಗಳಿದ್ದವು. ಅಂಗಿಯ ಗುಂಡಿಗಳು. ನೀಲಿ ಚುಕ್ಕೆ ಜೇಬಿನಲ್ಲಿದ್ದ ಪೆನ್ನಿನ ಮುಚ್ಚಳ. ಆ ಪೆನ್ನನ್ನು ನಾನು ದಿನಾ ಒಗೆಯುವ ಮುಂಚೆ ಜೇಬಿನಿಂದ ತೆಗೆದಿಡುತ್ತೇನೆ. ಉಬ್ಬಿನ ವಿಷಯ ಹೇಳುವುದೇ ಬೇಡ; ಅದಕ್ಕೆ ದಿನಾ ಬೆಳಗ್ಗೆ ನಾನೇ ರೊಟ್ಟಿ ಬಡಿದು ಹಾಕುತ್ತೇನೆ. ಹೊಂಗೆ ಮರ ಅಂಥ ದೊಡ್ಡದೇನಲ್ಲ. ಅಡ್ಡ ತಿರುಗಿ, ಉಸಿರು ಬಿಗಿಹಿಡಿದು, ಆದಷ್ಟು ತೆಳ್ಳಗಾಗಿ ಅದರ ಹಿಂದೆ ನಿಂತರೂ ನಮ್ಮವರು ಇಷ್ಟು ಉಳಿದುಬಿಟ್ಟಿದ್ದರು. ಎರಡೂ ಕೈ ಅಗಲಿಸಿದ್ದೇನೋ ನಿಜವಿರಬೇಕು, ಮರವನ್ನು ತಬ್ಬಿಕೊಳ್ಳಲು.

ಮೊದಲು ಸಿಟ್ಟು ಬಂತು. ಆಮೇಲೆ ಕಾಫಿಗೆ ಹಾಕಿದ ಸಕ್ಕರೆಯ ಲೆಕ್ಕ ನೆನಪಾಯಿತು. ಆಮೇಲೆ ಇನ್ನೊಂದು ಪ್ರಶ್ನೆ ಹೊಳೆಯಿತು. ಇವರು ಅಲ್ಲಿದ್ದರೆ ಆ ಕೊಂಬಿಗೂ ನನಗೂ ನಡುವೆ ಯಾರಿದ್ದರು? ಯಾರೂ ಇರಲಿಲ್ಲ. ಅಷ್ಟೂ ದಿನ ನಾನು ಬೇರೆಯದೇ ಸಿನಿಮಾ ನೋಡಿಕೊಂಡು ಹೆದರುತ್ತಿದ್ದೆ. ಈಗ ಮೊದಲಿನಿಂದ, ಹೊಸದಾಗಿ, ಸರಿಯಾಗಿ ಹೆದರಬೇಕಾಯಿತು. ಹೀಗೆ ಕೂತಿರುವಾಗ ನಮ್ಮವರು ಕಾಫಿ ಲೋಟ ಹಿಡಿದು ಹಿಂದೆ ಬಂದು ನಿಂತರು. ಪರದೆಯ ತುಂಬ ಅವರ ಅಂಗಿ. ಲೋಟದ ಮೇಲೆ ಉಗುರು ತಾಗುವ ಸದ್ದು ಮಾತ್ರ ಕೇಳುತ್ತಿತ್ತು.

"ಏನದು?" ಎಂದರು ಕೊನೆಗೆ.

"ಬಿಳಿ ಅಂಚು. ಮಾಸ್ಕ್ ಹಾಕಿದಾಗ ಉಳಿಯುತ್ತೆ."

"ಹೋಗುತ್ತಾ?"

ನಾನು ತಿರುಗಿ ಅವರ ಮುಖ ನೋಡಿದೆ. ಎಲೆಯಲ್ಲಿ ಕಲ್ಲು ಹುಡುಕುವಾಗಿನ ಮುಖ. ಪಡಸಾಲೆಯ ಖಾಲಿ ಜಾಗ ನೆನಪಾಯಿತು. ಬಾಯಿಗೆ ಬಂದಿದ್ದ ಮಾತುಗಳು ಕಡಿಮೆಯೇನಿರಲಿಲ್ಲ, ಒಂದು ಸಂಸಾರಕ್ಕೆ ಹತ್ತು ವರ್ಷಕ್ಕೆ ಸಾಕಾಗುವಷ್ಟಿದ್ದವು. ಆದರೂ ಹೇಳಿದ್ದು, "ಹೋಗುತ್ತೆ" ಎಂದು ಮಾತ್ರ.

"ಹಂಗಾದ್ರೆ ತೆಗೆದುಬಿಡು" ಎಂದು ಅವರು ಅಂಗಡಿಗೆ ಹೊರಟರು. ಭಾನುವಾರ ಅಂಗಡಿ ಇಲ್ಲ ಎಂಬುದು ಬೀದಿಯ ಕೊನೆಗೆ ಹೋದ ಮೇಲೆ ನೆನಪಾಯಿತಂತೆ.

ನನ್ನ ಜೀವಮಾನದಲ್ಲೇ ಅಷ್ಟು ಅಚ್ಚುಕಟ್ಟಾಗಿ ನಾನು ಯಾವ ಅಂಚನ್ನೂ ತೆಗೆದಿಲ್ಲ. ಗುಂಡಿಯ ಮೇಲೆ ಗಂಟು ತಂದೆ, ಪೆನ್ನಿನ ಮೇಲೆ ತೊಗಟೆ ಬೆಳೆಸಿದೆ, ಹೊಟ್ಟೆಯ ಜಾಗಕ್ಕೆ ನೀರು ಹರಿಸಿದೆ. ಬೊಜ್ಜು ಕರಗಿಸುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ದೊಡ್ಡದಾಗಿ ಪ್ರಿಂಟು ಹಾಕಿಸಿ, ಫ್ರೇಮು ಕಟ್ಟಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಪ್ಪಗಡ್ಡೆಗೆ ಹೋದೆವು. ನೆಂಟರು ನಾಲ್ಕು ಮಂದಿ ಸೇರಿದ್ದರು. ಗೋಡೆಗೆ ಒರಗಿಸಿಟ್ಟ ಚಿತ್ರವನ್ನು ಎಲ್ಲರೂ ನೋಡಿ, ನೀರು ಎಷ್ಟು ಚೆನ್ನಾಗಿದೆ ಎಂದರು. ನಮ್ಮವರು ಚಿತ್ರದ ಹೊರಗೆ, ಬಲಗಡೆಯ ಗೋಡೆಯ ಮೇಲೆ ಕೈಯಿಟ್ಟು, ನಾನು ಇಲ್ಲಿ ನಿಂತಿದ್ದೆ ಎಂದು ತೋರಿಸಿದರು. ಊಟಕ್ಕೆ ಕೂತಾಗ ಅಟ್ಟದ ಕಥೆ ಬರಲಿಲ್ಲ. ಪಾಯಸ ಸೀದಾ ಬಂತು.

ಊಟವಾದ ಮೇಲೆ ಎಲ್ಲರೂ ಹೋರಿ ನೋಡಲು ಕೊಟ್ಟಿಗೆಗೆ ಹೋದರು. ನಾನು ಹೋಗಲಿಲ್ಲ, ಕಾರಣ ನಿಮಗೆ ಗೊತ್ತು. ಪಡಸಾಲೆಯಲ್ಲಿ ಭಾವ ಒಬ್ಬರೇ ಮೊಳೆ ಹೊಡೆದು ಫ್ರೇಮು ನೇತುಹಾಕುತ್ತಿದ್ದರು. ಹಾಕಿ ಹಿಂದೆ ಸರಿದು ನೋಡಿದರು. ಆಮೇಲೆ ಹತ್ತಿರ ಹೋಗಿ, ಹೆಬ್ಬೆರಳನ್ನು ಹೊಂಗೆ ಮರದ ಕಾಂಡದ ಪಕ್ಕ, ಸರಿಯಾಗಿ ಹೊಟ್ಟೆ ಇದ್ದ ಜಾಗದ ಮೇಲೆ ಇಟ್ಟರು.

"ಇಲ್ಲಿದ್ದದ್ದು ಚೆನ್ನಾಗಿ ತೆಗೆದಿದೀಯ, ಮಾರಾಯ್ತಿ."

ಹೋರಿಯ ಹಿಂದೆ ಏರಿ ಹತ್ತುತ್ತಾ ಭಾವ ಎಲ್ಲವನ್ನೂ ನೋಡಿದ್ದರು. ನೋಡಿಯೇ ಸರ ಬಿಚ್ಚಿದ್ದರು. "ಸಣ್ಣೋನಿದ್ದಾಗಿಂದ ಅವನಿಗೆ ಆಡ್ಕಂಡು ನಕ್ಕಿದ್ದೇ ಆಯ್ತು. ನೀನು ಎಲ್ರೆದುರಿಗೆ ಹಂಗಂದಾಗ ಅವನ ಮುಖ ನೋಡಿದೆ. ಒಂದು ಸರ ಹೋದ್ರೆ ಹೋಗ್ಲಿ ಅಂತ ಹಾಕ್ದೆ" ಎಂದರು. ಹಾಗಾದರೆ ಹೋರಿ ತಿರುಗಿದ್ದು ಯಾಕೆ ಎಂದು ಕೇಳಿದೆ. "ಓಡಿ ಓಡಿ ಬಾಯಾರಿತ್ತು, ನೀರು ಕುಡಿಯಾಕೆ ಹೋಯ್ತು. ನಿಮ್ಮನ್ನ ಅದು ನೋಡೂ ಇಲ್ಲ."

ನಾನು ತಲೆಯಾಡಿಸಿ, ಕೈಗೆ ಕೆಲಸ ಬೇಕಿತ್ತಲ್ಲ, ಫ್ರೇಮಿನ ಕಡೆ ಹೋದೆ. ಅದು ಬಲಕ್ಕೆ ಸ್ವಲ್ಪ ವಾಲಿಕೊಂಡು ಕೂತಿತ್ತು. ನೇರ ಮಾಡಲು ಕೈ ಎತ್ತಿದೆ.

"ಇರ್ಲಿ ಬಿಡು" ಎಂದರು ಭಾವ. "ಅವತ್ತು ನೀನು ಕೈಗೆ ಸುತ್ತಿದ್ದ ಬೆಲ್ಟು ಬಿಚ್ಚಿಕೊಳ್ಳಾಕೆ ಆಗ್ದೆ ಆ ಸ್ಟ್ಯಾಂಡು ಎಳೀತಾ ಇದ್ಯಲ್ಲ, ಆಗ್ಲೂ ಹಿಂಗೇ ವಾಲಿತ್ತು."

ಈ ಬೆಲ್ಟಿನ ವಿಷಯ ನಾನು ನಿಮಗೂ ಹೇಳಿರಲಿಲ್ಲ. ಕ್ಯಾಮೆರಾ ಕೈಜಾರೀತೆಂದು ಅದರ ಬೆಲ್ಟನ್ನು ಮಣಿಕಟ್ಟಿಗೆ ಎರಡು ಸುತ್ತು ಹಾಕಿಕೊಳ್ಳುವುದು ನನ್ನ ಅಭ್ಯಾಸ. ಹೋರಾಡು ಇಲ್ಲವೇ ಓಡು ಎನ್ನುವ ಪಾಠ ಬರೆದವರು ಕಲ್ಲಿನ ಸಂದಿಗೆ ಸಿಕ್ಕಿಸಿದ ಸ್ಟ್ಯಾಂಡಿಗೆ ಕಟ್ಟಿಹಾಕಿಕೊಂಡವರ ಗತಿ ಏನೆಂದು ಬರೆದಿಲ್ಲ. ಆ ಸಂಜೆ ಕಣ್ಣು ಮುಚ್ಚುವ ಮೊದಲು, ಹೊಂಗೆ ಮರದ ಹಿಂದೆ ಅಡಗಲು ಆದೀತೇ ಎಂದು ನಾನೂ ಎಳೆದಾಡಿ ನೋಡಿದ್ದೆ. ಬೆಲ್ಟಿನ ಉದ್ದ ಸಾಲಲಿಲ್ಲ. ಆದರೂ ಒಂದು ಹೆಜ್ಜೆ ಕದಲಲಿಲ್ಲ ಎಂದಿದ್ದು ಅಕ್ಷರಶಃ ನಿಜ, ಈಗಲೂ ಆಣೆ ಮಾಡಬಲ್ಲೆ. ಕುಪ್ಪಗಡ್ಡೆಯ ಆ ಗೋಡೆಯ ಮೇಲೆ ಅಂಬ್ಲಿಗೊಳದ ನೀರು ಇಂದಿಗೂ ಬಲಕ್ಕೆ ಚೆಲ್ಲಿಹೋಗುವಂತೆ ನಿಂತಿದೆ. ಬಂದ ನೆಂಟರು ಯಾರಾದರೂ ಫ್ರೇಮು ನೆಟ್ಟಗೆ ಮಾಡಲು ಹೋದರೆ, ಅದು ಹಾಗೇ ಚೆಂದ ಎಂದು ನಾನೇ ಮೊದಲು ಓಡಿಹೋಗಿ ತಡೆಯುತ್ತೇನೆ. ಕೈಗೆ ಬೆಲ್ಟು ಇಲ್ಲದಿದ್ದರೆ ನಾನು ಚೆನ್ನಾಗಿಯೇ ಓಡುತ್ತೇನೆ.